ಕಂಬ ಏರುವವರು, ಗುಂಡಿಗೆ ಇಳಿಯುವವರು

ಶಿವನಸಮುದ್ರದ ನೀರು ವಿದ್ಯುತ್ತಾಗಿ ಹೊರಟದ್ದು 1902ರಲ್ಲಿ. ಅದು ಮೊದಲು ತಲುಪಿದ್ದು ಮೈಸೂರಿನ ಅರಮನೆಯನ್ನೂ ಅಲ್ಲ, ಬೆಂಗಳೂರಿನ ಬೀದಿಯನ್ನೂ ಅಲ್ಲ. ಸುಮಾರು 147 ಕಿಲೋಮೀಟರ್ ಆಚೆಗಿದ್ದ ಕೋಲಾರದ ಚಿನ್ನದ ಗಣಿಯನ್ನು. ಬೆಂಗಳೂರಿನ ಬೀದಿದೀಪ ಹತ್ತಲು ಇನ್ನೂ ಮೂರು ವರ್ಷ ಕಾಯಬೇಕಾಯಿತು. ಇದು ನಮಗೆಲ್ಲ ಗೊತ್ತಿರುವ, ಮಕ್ಕಳಿಗೆ ಹೆಮ್ಮೆಯಿಂದ ಹೇಳುವ ಕತೆ. ಅದೇ ಗಣಿಯೂರಿನಲ್ಲಿ, ಕರೆಂಟು ಬಂದು ಅರವತ್ತನಾಲ್ಕು ವರ್ಷಗಳಾದ ಮೇಲೆ, ಮಲ ಬಳಿಯುವ ಕೆಲಸಕ್ಕೆ ಕಟ್ಟುಬಿದ್ದ ಮನೆತನವೊಂದರಲ್ಲಿ ಬೆಜವಾಡ ವಿಲ್ಸನ್ ಹುಟ್ಟಿದರು. 1980ರ ದಶಕದಲ್ಲಿ ಅವರು ಆ ಕೆಲಸದ ವಿರುದ್ಧ ಹೋರಾಟಕ್ಕೆ ನಿಂತಾಗಲೂ ಆ ಊರಿನಲ್ಲಿ ಒಣ ಪಾಯಿಖಾನೆಗಳಿದ್ದವು, ಅವನ್ನು ಬಳಿದು ಹೊರುವ ಕೈಗಳಿದ್ದವು.

ದೇಶದಲ್ಲಿ ಮೊದಮೊದಲಿಗೆ ವಿದ್ಯುತ್ತನ್ನು ಕಂಡ ಊರು ಮಲದ ಬುಟ್ಟಿಯನ್ನು ತಲೆಯಿಂದ ಇಳಿಸಲು ಇಷ್ಟು ತಡಮಾಡಿದ್ದೇಕೆ? ತಂತ್ರಜ್ಞಾನದ ಕೊರತೆಯೆ? ನೆಲದೊಳಗೆ ಸಾವಿರಾರು ಅಡಿ ಆಳಕ್ಕೆ ಗಾಳಿ ಕಳಿಸಬಲ್ಲ ಯಂತ್ರಗಳಿದ್ದ ಊರದು. ಹಣದ ಕೊರತೆಯೆ? ಕಾಲ ಕೆಳಗೆ ಚಿನ್ನವೇ ಇತ್ತು. ಅಲ್ಲಿ ಇಲ್ಲದೇ ಹೋದದ್ದು ಒಂದೇ, ಆ ಕೆಲಸಕ್ಕೊಂದು ಬದಲಿ ಹುಡುಕಬೇಕೆಂಬ ತಹತಹ. ಮಾಡುವವರು ಸಿಗುತ್ತಿದ್ದರು, ಹುಟ್ಟಿನಿಂದಲೇ ನೇಮಕವಾದವರಂತೆ ಸಿಗುತ್ತಿದ್ದರು. ಮನುಷ್ಯ ಅಗ್ಗಕ್ಕೆ ಸಿಗುವ ಕಡೆ ಯಂತ್ರ ಯಾವಾಗಲೂ ನಿಧಾನವಾಗಿಯೇ ಬರುತ್ತದೆ.

ವಿದ್ಯುತ್ತು, ಕುಡಿಯುವ ನೀರು, ಒಳಚರಂಡಿ, ಈ ಮೂರನ್ನು ಪಡೆಯುವಾಗ ನಾವೆಲ್ಲ ಹೆಚ್ಚುಕಡಿಮೆ ಸಮಾನರು. ಒಂದೇ ತಂತಿ ಬಡವನ ಮನೆಗೂ ಸಿರಿವಂತನ ಮನೆಗೂ ಹೋಗುತ್ತದೆ. ನಲ್ಲಿಯಲ್ಲಿ ಬೀಳುವ ಕಾವೇರಿಗೆ ಕುಲವಿಲ್ಲ. ಬೀದಿಯ ಎರಡೂ ಬದಿಯ ಮನೆಗಳ ಕೊಳೆ ಒಂದೇ ಕೊಳವೆಯಲ್ಲಿ ಸೇರಿ ಹರಿಯುತ್ತದೆ. ಸಮಾನತೆಯ ಬಗ್ಗೆ ನಾವು ಆಡಿದ ಎಷ್ಟೋ ಮಾತುಗಳು ಸೋತ ಕಡೆ ಈ ಸೇವೆಗಳು ಸದ್ದಿಲ್ಲದೆ ಗೆದ್ದಿವೆ ಎಂದರೂ ತಪ್ಪಲ್ಲ. ಆದರೆ ಇವನ್ನು ನಮ್ಮ ಮನೆಯವರೆಗೆ ತಂದು ಮುಟ್ಟಿಸುವ ಕೈಗಳ ಲೋಕಕ್ಕೆ ಕಾಲಿಟ್ಟು ನೋಡಿದರೆ ಅಲ್ಲಿನ ನೋಟ ಬೇರೆ. ಕಂಬ ಹತ್ತುವವರು ಯಾರು, ಮ್ಯಾನ್‌ಹೋಲಿಗೆ ಇಳಿಯುವವರು ಯಾರು, ವಾಲ್ವ್ ತಿರುಗಿಸುವವರು ಯಾರು, ಬಿಲ್ ಬರೆಯುವವರು ಯಾರು, ಮಂಡಳಿಯ ಸಭೆಯಲ್ಲಿ ಕುಳಿತು ದರ ನಿಗದಿಮಾಡುವವರು ಯಾರು ಎಂದು ಒಂದೊಂದಾಗಿ ಕೇಳುತ್ತ ಹೋದರೆ ಉತ್ತರಗಳು ಅಕಸ್ಮಾತ್ತಾಗಿ ಬಂದವಲ್ಲ ಎಂಬುದು ಬೇಗನೆ ತಿಳಿಯುತ್ತದೆ.

ವೈವಿಧ್ಯ, ಸಮತೆ, ಎಲ್ಲರನ್ನೂ ಒಳಗೊಳ್ಳುವುದು. ಈ ಮಾತುಗಳು ಈಗ ದೊಡ್ಡ ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ಇದ್ದೇ ಇರುತ್ತವೆ. ಒಳ್ಳೆಯ ಮಾತುಗಳು. ಆದರೆ ಬಾಗಿಲು ತೆರೆದು ಹೊರಗಿದ್ದವರನ್ನು ಒಳಗೆ ಕರೆದರೆ ಕೆಲಸ ಮುಗಿಯಿತೆಂಬ ಭಾವನೆಯೊಂದು ಅವುಗಳ ಜೊತೆಗೇ ಬಂದುಬಿಡುತ್ತದೆ. ಕಂಬದ ಬುಡದಲ್ಲಿ ನಿಂತರೆ ಆ ಮಾತು ಸರಿ. ಅಲ್ಲಿಗೆ ಹೆಣ್ಣುಮಕ್ಕಳನ್ನು ನಾವು ಬಹುಕಾಲ ಕರೆಯಲೇ ಇಲ್ಲ. ಗುಂಡಿಯ ಬಾಯಲ್ಲಿ ನಿಂತರೆ ಅದೇ ಮಾತು ತಲೆಕೆಳಗಾಗುತ್ತದೆ. ಅಲ್ಲಿಗೆ ಕೆಲವೇ ಸಮುದಾಯದವರನ್ನು ತಲೆಮಾರುಗಳಿಂದ ಕರೆಯುತ್ತಲೇ ಇದ್ದೇವೆ, ಹೊರಗೆ ಬರುವ ದಾರಿ ಮಾತ್ರ ಇಟ್ಟಿಲ್ಲ. ಗುಂಡಿಗೆ ಎಲ್ಲ ಜಾತಿಯವರೂ ಇಳಿದರೆ ಅದು ಸಮತೆಯೆ? ಹಾಗೆಂದು ಯಾರೂ ಹೇಳಲಾರರು. ಹಾಗಾದರೆ ಒಳಗೊಳ್ಳುವುದಕ್ಕೆ ಎರಡು ದಿಕ್ಕುಗಳಿವೆ ಎಂದಾಯಿತು: ಒಂದೆಡೆ ಒಳಗೆ ಕರೆಯುವುದು, ಇನ್ನೊಂದೆಡೆ ಹೊರಗೆ ಕರೆತರುವುದು. ಈ ಎರಡನೆಯ ದಿಕ್ಕನ್ನು ಮರೆತ ಯಾವ ನೀತಿಯೂ ನಮ್ಮ ನೆಲಕ್ಕೆ ಒಗ್ಗುವುದಿಲ್ಲವೆಂದೇ ನನಗೆ ತೋರುತ್ತದೆ.

ನಮ್ಮ ಹಳ್ಳಿಗಳಿಗೆ ಈ ಸಂಗತಿ ಹೊಸದೇನಲ್ಲ. ಕೆರೆಯಿದ್ದ ಊರುಗಳಲ್ಲಿ ನೀರಗಂಟಿ ಎಂಬವನಿರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಕಾಲುವೆಯಲ್ಲಿ ಕಟ್ಟಿಕೊಂಡ ಹೂಳು ಬಿಡಿಸುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ತಿರುಗಾಡಿ ಎಲ್ಲಿ ನೀರು ಜಿನುಗುತ್ತಿದೆಯೆಂದು ನೋಡುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ಇಡುವುದು, ಇವೆಲ್ಲ ಅವನ ಕೆಲಸ. ಹಲವು ಊರುಗಳಲ್ಲಿ ಅವನು ದಲಿತ, ಭೂಮಿಯಿಲ್ಲದವನು. ಸ್ವಂತ ಗದ್ದೆಯಿಲ್ಲದವನಾದ್ದರಿಂದ ನೀರಿನ ಹಂಚಿಕೆಯಲ್ಲಿ ಪಕ್ಷಪಾತ ಮಾಡಲಾರನೆಂದು ಊರು ಅವನನ್ನು ನಂಬುತ್ತಿತ್ತು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ, ಎಂದರೆ ತನ್ನ ಪಾಲಿನ ಧಾನ್ಯ, ಪಡೆಯುತ್ತಿದ್ದ. ಊರಿನ ಅತ್ಯಮೂಲ್ಯ ಆಸ್ತಿಯ ಕೀಲಿ ಅವನ ಕೈಯಲ್ಲಿ! ಎಂಥ ನಂಬಿಕೆ ಅದು! ಆದರೆ ಅದೇ ಮನುಷ್ಯ ಊರೊಳಗಿನ ಸೇದುಬಾವಿಗೆ ಹಗ್ಗ ಇಳಿಸುವಂತಿರಲಿಲ್ಲ.

ಇದನ್ನು ಹೇಗೆ ಅರ್ಥಮಾಡಿಕೊಳ್ಳೋಣ? ಹಳೆಯ ಊರಿನಲ್ಲಿ ವೈವಿಧ್ಯವಿರಲಿಲ್ಲವೆಂದು ಹೇಳುವಂತಿಲ್ಲ. ಹೀಗೆ ಆಯ ಪಡೆದು ಊರಿನ ಕೆಲಸ ಮಾಡುವ ಹನ್ನೆರಡು ಆಯಗಾರರೂ ಇದ್ದರು, ಒಬ್ಬರಿಲ್ಲದೆ ಒಬ್ಬರ ಬದುಕು ನಡೆಯುತ್ತಿರಲಿಲ್ಲ. ನಂಬಿಕೆಯೂ ಇತ್ತು, ಒಂದು ಬಗೆಯ ಗೌರವವೂ ಇತ್ತು. ಎಲ್ಲರಿಗೂ ಒಂದು ಜಾಗವಿತ್ತು, ಆ ಜಾಗ ಬಿಟ್ಟು ಕದಲುವ ಹಕ್ಕು ಯಾರಿಗೂ ಇರಲಿಲ್ಲ. ನೀರಗಂಟಿಯ ಮಗ ನೀರಗಂಟಿಯಾಗುವುದು ತಪ್ಪುತ್ತಿರಲಿಲ್ಲ. ಇವತ್ತಿಗೂ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಬೆಳಗಿನ ಜಾವ ಮೋಟಾರು ಹಾಕಿ, ಓಣಿ ಓಣಿಗೆ ವಾಲ್ವ್ ತಿರುಗಿಸುವವನನ್ನು ಜನ ನೀರಗಂಟಿ ಎಂದೇ ಕರೆಯುತ್ತಾರೆ. ತೂಬು ಹೋಗಿ ವಾಲ್ವ್ ಬಂತು, ಆಯದ ಜಾಗಕ್ಕೆ ಅಲ್ಪ ಸಂಬಳ ಬಂತು. ಉಳಿದದ್ದು ಎಷ್ಟು ಬದಲಾಯಿತೆಂಬುದನ್ನು ಪ್ರತಿ ಊರೂ ತನ್ನನ್ನೇ ಕೇಳಿಕೊಳ್ಳಬೇಕು. ಅವನ ಮಗಳು ಅದೇ ಜಿಲ್ಲೆಯ ನೀರು ಸರಬರಾಜಿನ ಎಂಜಿನಿಯರಾಗಿ ಬಂದು ಕುಳಿತ ದಿನ ಆ ಊರಿನ ನೀರಿನ ಕತೆ ಬೇರೆಯಾಗುತ್ತದೆ.

ಹಾಗೆ ಬೇರೆಯಾದ ಒಂದು ಕತೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಇದೆ, ನಾವು ಅದನ್ನು ಸಾಕಷ್ಟು ನೆನೆಯುವುದಿಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದ ಅಂಬೇಡ್ಕರ್, ಅದಾದ ಹದಿನೈದೇ ವರ್ಷಕ್ಕೆ, 1942ರಲ್ಲಿ, ವೈಸರಾಯರ ಕಾರ್ಯಕಾರಿ ಮಂಡಳಿಯ ಸದಸ್ಯರಾದರು. ಕಾರ್ಮಿಕ ಖಾತೆಯ ಜೊತೆಗೆ ನೀರಾವರಿ, ವಿದ್ಯುತ್ತಿನ ಹೊಣೆಯೂ ಅವರದಾಯಿತು. ಒಂದು ಕೆರೆಯ ನೀರು ಮುಟ್ಟಬಾರದೆಂದು ಹೇಳಿಸಿಕೊಂಡ ಮನುಷ್ಯ ದಾಮೋದರ, ಮಹಾನದಿಗಳ ನೀರು ಹೇಗೆ ಹರಿಯಬೇಕು, ಈ ದೇಶಕ್ಕೆ ವಿದ್ಯುತ್ತು ಹೇಗೆ ಬರಬೇಕು ಎಂಬುದನ್ನು ಯೋಚಿಸುವ ಮೇಜಿಗೆ ಬಂದರು. ವಿದ್ಯುತ್ತು ಅಗ್ಗವಾಗಿರಬೇಕು, ಹೇರಳವಾಗಿರಬೇಕು, ಸಾರ್ವಜನಿಕರ ಕೈಯಲ್ಲಿರಬೇಕು ಎಂಬ ಕಡೆಗೇ ಅವರ ಯೋಚನೆ ವಾಲುತ್ತಿತ್ತು. ಕಾರ್ಖಾನೆ ಕಾರ್ಮಿಕರ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸುವ ತಿದ್ದುಪಡಿಯೂ ಅವರ ಕಾಲದ್ದೇ. ಬಾಯಾರಿಕೆಯನ್ನು ಬಲ್ಲವನು ನೀರಿನ ನೀತಿ ಬರೆಯುವಾಗ ಅವನ ಕಣ್ಣಿಗೆ ಬೀಳುವುದು ಬೇರೆಯವರ ಕಣ್ಣಿಗೆ ಬೀಳುತ್ತಿತ್ತೆ? ಬೀಳುತ್ತಿರಲಿಲ್ಲವೆಂದು ಖಂಡಿತ ಹೇಳಲಾರೆವು. ಆದರೆ ಅದುವರೆಗೆ ಬಿದ್ದಿರಲಿಲ್ಲ ಎಂಬುದಂತೂ ಚರಿತ್ರೆ.

ಈಗ ಗುಂಡಿಯ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ನಿಲ್ಲಲು ಮನಸ್ಸಾಗದ ಜಾಗವಾದ್ದರಿಂದಲೇ ನಿಲ್ಲಬೇಕು. ಚರಂಡಿ, ಶೌಚಗುಂಡಿಗಳನ್ನು ಸ್ವಚ್ಛಮಾಡುವವರ ವಿವರವನ್ನು ಕೇಂದ್ರ ಸರ್ಕಾರ ಇತ್ತೀಚೆಗೆ ನಗರ ನಗರಗಳಿಂದ ಕಲೆಹಾಕಿಸಿತು. 2024ರ ವೇಳೆಗೆ ದಾಖಲಾದ ಸುಮಾರು 38,000 ಜನರಲ್ಲಿ ನೂರಕ್ಕೆ 92ರಷ್ಟು ಮಂದಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳವರು. ಪರಿಶಿಷ್ಟ ಜಾತಿಯವರೇ ನೂರಕ್ಕೆ 69ರ ಹತ್ತಿರ. ಯಾವ ನೇಮಕಾತಿ ಆಯೋಗವೂ ಬರೆಯದ, ಯಾವ ಗೆಜೆಟ್ಟಿನಲ್ಲೂ ಅಚ್ಚಾಗದ ಮೀಸಲಾತಿ ಇದು. ಇದರಲ್ಲಿ ತಮಗೂ ಪಾಲು ಬೇಕೆಂದು ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಿಲ್ಲ, ನಮ್ಮ ಅವಕಾಶ ಕಸಿದರೆಂದು ಯಾರೂ ಬೀದಿಗಿಳಿದದ್ದಿಲ್ಲ.

ಕಾನೂನು ಕಣ್ಣು ಮುಚ್ಚಿ ಕೂತಿಲ್ಲ. ಮಲ ಹೊರುವ ಕೆಲಸವನ್ನು ನಿಷೇಧಿಸುವ ಒಂದು ಕಾಯ್ದೆ 1993ರಲ್ಲಿ ಬಂತು, 2013ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಬಂತು. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೂ ಸಾವು ನಿಂತಿಲ್ಲ. ಈ ಸಾವಿನ ಬಗೆಯನ್ನು ಒಮ್ಮೆ ಯೋಚಿಸಿ. ಕೊಳೆಯ ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಅದರ ಪ್ರಮಾಣ ಹೆಚ್ಚಾದಂತೆ ಮೂಗು ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅಪಾಯ ಮಿತಿಮೀರಿದಾಗಲೇ ಅಪಾಯ ಕಳೆಯಿತೆಂಬ ಭ್ರಮೆ. ಮೊದಲು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಪತ್ರಿಕೆಯ ಸುದ್ದಿಗಳಲ್ಲಿ ಈ ಸಾವುಗಳು ಜೋಡಿಯಾಗಿ, ಮೂರಾಗಿ ಬರುವುದೇಕೆಂದು ನಾವು ಯೋಚಿಸಿದ್ದೇವೆಯೆ? ಒಬ್ಬರು ಇನ್ನೊಬ್ಬರ ಕೈಬಿಡದ ಕಾರಣಕ್ಕೆ ಸಂಭವಿಸುವ ಸಾವುಗಳವು. ಸಮಾಜ ಕೈಬಿಟ್ಟ ಮೇಲೂ ಅವರು ಒಬ್ಬರನ್ನೊಬ್ಬರು ಕೈಬಿಟ್ಟಿಲ್ಲ. ಬಂಧುತ್ವ ಎಂಬ ಮಾತನ್ನು ನಮ್ಮ ಸಂವಿಧಾನದ ಪೀಠಿಕೆಯಲ್ಲಿ ಓದುವ ನಾವು ಅದರ ಅತ್ಯಂತ ಕಠೋರ ರೂಪವನ್ನು ಕಾಣಬೇಕಾದದ್ದು ಇಲ್ಲಿ.

ಗುಂಡಿಯಿಂದ ಎದ್ದು ಕಂಬದ ಕಡೆಗೆ ಬರೋಣ. ಮಾರ್ಗದಾಳುಗಳ ಕೆಲಸವೂ ಸುಖದ್ದಲ್ಲ. ಮಳೆಗಾಳಿಗೆ ಮರ ಬಿದ್ದು ತಂತಿ ಕಡಿದ ರಾತ್ರಿ ನಾವು ಬಾಗಿಲು ಹಾಕಿಕೊಂಡು ಮೇಣದ ಬತ್ತಿ ಹುಡುಕುವಾಗ ಅವರು ಟಾರ್ಚು ಹಿಡಿದು ಗದ್ದೆಯ ಬದುವಿನ ಮೇಲೆ ನಡೆಯುತ್ತಿರುತ್ತಾರೆ. ಈ ಕೆಲಸಕ್ಕೆ ಹೆಣ್ಣುಮಕ್ಕಳು ಬೇಡವೆಂದು ನಾವು ಬಹುಕಾಲ ನಿಶ್ಚಯಿಸಿಬಿಟ್ಟಿದ್ದೆವು, ಅವರನ್ನೊಮ್ಮೆ ಕೇಳದೆಯೇ. ನೆರೆಯ ತೆಲಂಗಾಣದಲ್ಲಿ ಕಿರಿಯ ಲೈನ್‌ಮನ್ ಹುದ್ದೆಗೆ ಹೆಣ್ಣುಮಕ್ಕಳಿಗೆ ಅವಕಾಶ ನಿರಾಕರಿಸಿದಾಗ ಕೆಲವರು ಹೈಕೋರ್ಟಿಗೆ ಹೋದರು. ಕೋರ್ಟು ಅವರಿಗೂ ಪರೀಕ್ಷೆ ನಡೆಸಿ ಎಂದಿತು. ಹಳ್ಳಿಗಾಡಿನ ಹುಡುಗಿಯರು ಎಲ್ಲರ ಮುಂದೆ ಕಂಬ ಹತ್ತಿ ಇಳಿದು ತೋರಿಸಿದರು. 2022ರಲ್ಲಿ ಅವರಿಗೆ ಕೆಲಸ ಸಿಕ್ಕಿತು.

ಅಪಾಯದ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಏಕೆ ದೂಡಬೇಕೆಂದು ಮನಸ್ಸಿನಿಂದಲೇ ಕೇಳುವ ಹಿರಿಯರಿದ್ದಾರೆ. ಅವರ ಕಾಳಜಿಯನ್ನು ತಳ್ಳಿಹಾಕಬಾರದು. ಆದರೆ ಆ ಕಾಳಜಿಯನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಕೊಂಡೊಯ್ಯೋಣ: ಗಂಡುಮಕ್ಕಳನ್ನಾದರೂ ಏಕೆ ದೂಡಬೇಕು? ಕಂಬದ ಮೇಲಿನ ಸಾವುಗಳಲ್ಲಿ ಎಷ್ಟೋ ಸಾವುಗಳು ಎತ್ತರದಿಂದ ಬಂದವಲ್ಲ. ಲೈನ್ ಕ್ಲಿಯರ್, ಎಂದರೆ ತಂತಿಯಲ್ಲಿ ವಿದ್ಯುತ್ತು ನಿಲ್ಲಿಸಿದ ಖಾತರಿ, ಸಿಕ್ಕಿತೆಂದು ತಪ್ಪು ತಿಳಿದದ್ದು, ಕೈಗವಸು ಹರಿದಿದ್ದದ್ದು, ಅರ್ಥಿಂಗ್ ಮಾಡದೆ ಕೆಲಸಕ್ಕಿಳಿದದ್ದು, ಯಾರದೋ ಕಟ್ಟಡದ ಜನರೇಟರಿನಿಂದ ಸತ್ತ ತಂತಿಗೆ ವಿದ್ಯುತ್ತು ಹಿಮ್ಮುಖವಾಗಿ ಹರಿದದ್ದು, ಇಂಥ ಕಾರಣಗಳಿಂದ ಬಂದವು. ಗಂಡಸು ಸಹಿಸಿಕೊಳ್ಳುತ್ತಾನೆಂಬ ಒಂದೇ ನೆಪದಿಂದ ನಾವು ಸಹಿಸಿಕೊಂಡು ಬಂದ ಕೊರತೆಗಳಿವು. ಹೊಸಬರೊಬ್ಬರು ಬಂದಾಗ ಮನೆಯ ಮುರಿದ ಮೆಟ್ಟಿಲು ನಮ್ಮ ಕಣ್ಣಿಗೆ ಬೀಳುತ್ತದಲ್ಲ, ಹಾಗೆ ಇದು. ಒಬ್ಬ ಹೆಣ್ಣುಮಗಳು ಸಬ್‌ಸ್ಟೇಷನ್ನಿನ ರಾತ್ರಿ ಪಾಳಿಗೆ ಬಂದ ಮೇಲೆ ಅಲ್ಲೊಂದು ಶೌಚಾಲಯವಿಲ್ಲವೆಂಬುದು ಸುದ್ದಿಯಾಗುತ್ತದೆ. ಅದಕ್ಕೆ ಮೊದಲು ಅಲ್ಲಿ ದುಡಿದವರಿಗೂ ಅದು ಇರಲಿಲ್ಲ. ಜನರನ್ನು ಬಕೆಟ್ಟಿನಲ್ಲಿ ಎತ್ತುವ ವಾಹನ ಬಂದರೆ ಅವಳಿಗೆಷ್ಟು ಅನುಕೂಲವೋ ಮಂಡಿನೋವಿನ ಐವತ್ತೈದರ ಮಾರ್ಗದಾಳಿಗೂ ಅಷ್ಟೇ ಅನುಕೂಲ. ಹೊರಗಿದ್ದವರು ಒಳಗೆ ಬರುವುದರಿಂದ ಒಳಗಿದ್ದವರ ಬದುಕೂ ಹಗುರವಾಗುವುದು ಈ ದಾರಿಯಿಂದ.

ಮೇಲಿನ ಹಂತಗಳಲ್ಲಿ ಹೆಣ್ಣುಮಕ್ಕಳಿಗೆ ಸಾಧ್ಯವೆ ಎಂಬ ಪ್ರಶ್ನೆಗಂತೂ ಎಂಬತ್ತು ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ. ಹದಿನೆಂಟರ ಪ್ರಾಯದಲ್ಲಿ, ಕೈಯಲ್ಲಿ ಎಳೆಗೂಸು ಇರುವಾಗ ವಿಧವೆಯಾದ ಎ. ಲಲಿತಾ ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜು ಸೇರಿ, 1940ರ ದಶಕದ ಆರಂಭದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಾಗಿ ಹೊರಬಂದು, ವಿದ್ಯುತ್ ಮಾರ್ಗಗಳನ್ನೂ ಸಬ್‌ಸ್ಟೇಷನ್‌ಗಳನ್ನೂ ವಿನ್ಯಾಸ ಮಾಡಿದರು. ಅವರ ತಂದೆ ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರೆಂಬುದನ್ನು ಮರೆಯದಿರೋಣ. ಪ್ರತಿಭೆಗೆ ಬಾಗಿಲು ತೆಗೆಯುವ ಒಂದು ಕೈ ಬೇಕಾಯಿತು, ಆ ಕೈ ಅವರಿಗೆ ಮನೆಯಲ್ಲೇ ಇತ್ತು. ಮನೆಯಲ್ಲಿ ಆ ಕೈ ಇಲ್ಲದವರಿಗೆ ಅದನ್ನು ನಾಡು ಒದಗಿಸಬೇಡವೆ?

ಇಲ್ಲಿಯೇ ದಕ್ಷತೆಯ ಪ್ರಶ್ನೆ ಏಳುತ್ತದೆ, ಅದನ್ನು ನಾವು ಎದುರಿಸಲೇಬೇಕು. ಮೈಸೂರು ಸಂಸ್ಥಾನ ಈ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ಎದುರಿಸಿತ್ತು. ಸರ್ಕಾರಿ ನೌಕರಿ ಒಂದೇ ಸಮುದಾಯದ ಕೈಯಲ್ಲಿ ಉಳಿದಿದೆಯೆಂಬ ಅಹವಾಲು ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲೆರಡು ಪಾಲು ಉಳಿದ ಸಮುದಾಯಗಳ ಅರ್ಹರಿಗೆ ಹೋಗಲಿ ಎಂದು ಆ ಸಮಿತಿ ಹೇಳಿತು. ಸಮಿತಿಯ ನೇಮಕದ ಹೊತ್ತಿಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಹೀಗೆ ಹುದ್ದೆ ಮೀಸಲಿಡುವ ಯೋಚನೆಯೇ ಒಪ್ಪಿಗೆಯಾಗಿರಲಿಲ್ಲ. ಆಡಳಿತದ ದಕ್ಷತೆಗೆ ಪೆಟ್ಟು ಬೀಳುತ್ತದೆಂಬ ಅಳುಕು ಅವರದು. ಅವರು ದಿವಾನಗಿರಿ ಬಿಟ್ಟದ್ದಕ್ಕೆ ಇದೂ ಒಂದು ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ.

ಮಹಾರಾಜರು, ದಿವಾನರು ಇಬ್ಬರೂ ದೊಡ್ಡವರು, ಇಬ್ಬರಿಗೂ ಈ ನಾಡಿನ ಒಳಿತೇ ಮುಖ್ಯವಾಗಿತ್ತು. ಎಂಜಿನಿಯರೊಬ್ಬರ ಆ ಅಳುಕನ್ನು ಹಗುರವಾಗಿ ಕಾಣಲು ನನಗೆ ಮನಸ್ಸು ಬರುವುದಿಲ್ಲ. ಅಣೆಕಟ್ಟಿನ ಲೆಕ್ಕದಲ್ಲಿ ತಪ್ಪಾದರೆ ಊರುಗಳು ಕೊಚ್ಚಿಹೋಗುತ್ತವೆ, ಹೈಟೆನ್ಷನ್ ತಂತಿ ಯಾರ ಮುಖವನ್ನೂ ನೋಡುವುದಿಲ್ಲ. ಆದರೂ, ಎಲ್ಲ ಗೌರವದೊಂದಿಗೆ, ಆ ವಿಷಯದಲ್ಲಿ ಮಹಾರಾಜರ ನೋಟ ಹೆಚ್ಚು ದೂರ ಕಂಡಿತ್ತೆಂದು ನನ್ನ ಅನಿಸಿಕೆ. ದಕ್ಷತೆ ಎಂದರೇನು? ಉತ್ತರಪತ್ರಿಕೆಯ ಅಂಕವೆ? ನೀರು ಸರಬರಾಜಿನ ದಕ್ಷತೆ ಕಾಣಬೇಕಾದದ್ದು ಕೊಳವೆಯ ಕೊನೆಯ ಮನೆಯಲ್ಲಿ. ಆ ಕೊನೆಯ ಮನೆ ಸಾಮಾನ್ಯವಾಗಿ ಯಾರದು? ಕೊಳೆಗೇರಿಯದು, ಊರಾಚೆಯ ಕಾಲೊನಿಯದು. ನಲ್ಲಿಯಲ್ಲಿ ನೀರು ಬರುವುದು ರಾತ್ರಿ ಎರಡಕ್ಕೋ ಮೂರಕ್ಕೋ, ಅಲ್ಲಿಯವರೆಗೆ ಆ ಮನೆಯ ತಾಯಿ ನಿದ್ದೆಗೆಟ್ಟು ಕೊಡಗಳ ಸಾಲು ಕಾಯುತ್ತಾಳೆ, ಬೆಳಗ್ಗೆ ಮಗಳು ಶಾಲೆಯಲ್ಲಿ ತೂಕಡಿಸುತ್ತಾಳೆ ಎಂಬುದನ್ನು ಬಾಳಿ ಬಲ್ಲವರು ನಕ್ಷೆ ಬರೆಯುವ ಮೇಜಿನ ಬಳಿ ಇಲ್ಲದಿರುವುದು ಎಂಜಿನಿಯರಿಂಗ್ ಕೊರತೆ ಅಲ್ಲವೆ? ಬಡ್ತಿಯಲ್ಲಿ ಮೀಸಲಾತಿ ಪಡೆದವರ ಜ್ಯೇಷ್ಠತೆಯನ್ನು ಕುರಿತ ನಮ್ಮ ರಾಜ್ಯದ ಕಾನೂನನ್ನು 2019ರ ಮೇ ತಿಂಗಳಲ್ಲಿ, ಬಿ.ಕೆ. ಪವಿತ್ರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆಡಳಿತದ ದಕ್ಷತೆಯನ್ನು ಎಲ್ಲ ಸಮುದಾಯಗಳನ್ನೂ ಒಳಗೊಳ್ಳುವ ಅರ್ಥದಲ್ಲಿಯೇ ಕಾಣಬೇಕೆಂಬುದು ಆ ತೀರ್ಪಿನ ತಿರುಳು. ಮಿಲ್ಲರ್ ಸಮಿತಿಯ ನೇಮಕವಾಗಿ ಅಂದಿಗೆ ನೂರೊಂದು ವರ್ಷ.

ಆದರೆ ಮೀಸಲಾತಿಯ ಬೆಳಕು ಬೀಳುವುದು ಕಾಯಂ ಹುದ್ದೆಯ ಮೇಲೆ, ಹುದ್ದೆಯೇ ಗುತ್ತಿಗೆಗೆ ಸರಿದುಹೋದರೆ ಆ ಬೆಳಕಿಗೆ ಬೀಳಲು ಜಾಗವೆಲ್ಲಿ? ಒಂದೇ ಕಂಬದ ಬಳಿ ಇಬ್ಬರು ನಿಂತಿರುತ್ತಾರೆ. ಒಬ್ಬನಿಗೆ ಪಿಂಚಣಿಯಿದೆ, ಇನ್ನೊಬ್ಬನಿಗೆ ಮುಂದಿನ ತಿಂಗಳ ಕೆಲಸದ ಭರವಸೆಯೂ ಇಲ್ಲ. ಒಂದೇ ಕೆಲಸ ಮಾಡುವ ತಾತ್ಕಾಲಿಕ ನೌಕರನಿಗೂ ಸಮಾನ ವೇತನ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2016ರಲ್ಲೇ ಹೇಳಿದೆ. 2025ರ ಮೇ ದಿನದಂದು ಬೆಂಗಳೂರಿನ 12,000ಕ್ಕೂ ಹೆಚ್ಚು ಪೌರಕಾರ್ಮಿಕರ ಕೈಗೆ ಕಾಯಂ ನೇಮಕದ ಪತ್ರ ಬಂತು. ವರ್ಷಗಟ್ಟಲೆ ಅವರು ಮುಷ್ಕರ ಹೂಡಿ, ಬೀದಿಯಲ್ಲಿ ಕೂತು ಕೇಳಿದ್ದರ ಫಲ ಅದು. ಕಾಯಿಲೆ ಬಿದ್ದರೆ ರಜೆಯಿದೆ, ಮಗಳ ಓದಿಗೆ ಬ್ಯಾಂಕಿನಲ್ಲಿ ಸಾಲ ಕೇಳಬಹುದು, ಮುಪ್ಪಿನಲ್ಲಿ ಕೈಯೊಡ್ಡಬೇಕಿಲ್ಲ. ಸಮತೆಯ ಬಗ್ಗೆ ನಾವು ಎಷ್ಟೇ ಎತ್ತರದಲ್ಲಿ ಮಾತಾಡಿದರೂ ಕೊನೆಗೆ ಅದು ಬಂದು ನಿಲ್ಲುವುದು ಇಷ್ಟು ಸಣ್ಣ, ಇಷ್ಟು ದೊಡ್ಡ ಸಂಗತಿಗಳಲ್ಲಿ.

ಹೊಸ ಕಾಲದ ವಿದ್ಯುತ್ತು ಹೊಸ ಬಗೆಯ ನ್ಯಾಯವನ್ನೂ ತರಬಹುದೆಂಬ ಆಸೆ ನಮ್ಮದು. ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಿ. ಮಳೆ ಕೈಕೊಟ್ಟು ಸೋತ 13,000 ಎಕರೆ ಭೂಮಿಯಲ್ಲಿ ಇಂದು 2,050 ಮೆಗಾವ್ಯಾಟ್ ಸೌರವಿದ್ಯುತ್ತಿನ ಸಾಮರ್ಥ್ಯವಿದೆ. ಅಲ್ಲಿ ರೈತರಿಂದ ಭೂಮಿ ಕಿತ್ತುಕೊಳ್ಳಲಿಲ್ಲ. ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಶುರುಮಾಡಿ, ಕಾಲಕಾಲಕ್ಕೆ ಏರುವ ಬಾಡಿಗೆಗೆ ಪಡೆದರು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಎಲ್ಲವನ್ನೂ ಕಳೆದುಕೊಂಡು, ದಶಕಗಳು ಕಳೆದರೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆದ ಶರಾವತಿ ಸಂತ್ರಸ್ತರ ಪಾಡನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಬದಲಾವಣೆ ಎಂಬುದು ಅರ್ಥವಾಗುತ್ತದೆ. ಒಳ್ಳೆಯ ಹೆಜ್ಜೆ, ಸಂಶಯವಿಲ್ಲ. ಆದರೆ ಬಾಡಿಗೆ ಸಿಗುವುದು ಭೂಮಿಯಿದ್ದವನಿಗೆ. ಅದೇ ಭೂಮಿಯಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಕೂಲಿಯವರಿಗೆ? ಕುರಿ ಮೇಯಿಸುತ್ತಿದ್ದವರಿಗೆ? ಕೆಲವರಿಗೆ ಪ್ಯಾನೆಲ್ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಸಿಕ್ಕಿತು, ಉಳಿದವರು ಊರು ಬಿಟ್ಟರು. ಹೊಸ ಉದ್ಯಮವೊಂದು ಹಳೆಯ ಊರಿನ ಮೇಲೆ ಬಂದು ಕೂತಾಗ ಹಳೆಯ ಏಣಿಯನ್ನೇ ಎತ್ತಿಕೊಳ್ಳುವುದು ಸುಲಭ, ಹೊಸ ಏಣಿಯನ್ನು ಬುದ್ಧಿಪೂರ್ವಕವಾಗಿಯೇ ಕಟ್ಟಬೇಕಾಗುತ್ತದೆ. ಕೂಲಿಯವನ ಮಗನಿಗೆ ಐ.ಟಿ.ಐ. ಕಲಿಸಿ ಇನ್ವರ್ಟರ್ ಕೋಣೆಯೊಳಗೆ ಕರೆದೊಯ್ಯುವುದು ಪ್ಯಾನೆಲ್ ಆಮದು ಮಾಡುವುದಕ್ಕಿಂತ ಕಷ್ಟವೆ?

ಕಷ್ಟವಲ್ಲವೆಂದು ಒಡಿಶಾ ತೋರಿಸುತ್ತಿದೆ. ನಲ್ಲಿಯ ನೀರನ್ನು ನೇರವಾಗಿ ಕುಡಿಯಬಹುದಾದ ವ್ಯವಸ್ಥೆ 2021ರಲ್ಲಿ ಪುರಿಯಲ್ಲಿ ಬಂದಾಗ ಮನೆಮನೆಗೆ ಹೋಗಿ ನೀರಿನ ಗುಣ ಪರೀಕ್ಷಿಸುವ, ಮೀಟರ್ ಓದುವ, ಬಿಲ್ ವಸೂಲು ಮಾಡುವ ಹೊಣೆ ಸ್ವಸಹಾಯ ಸಂಘದ ಹೆಂಗಸರ ಕೈಗೆ ಬಂತು. ಜಲಸಾಥಿ ಎಂದು ಅವರಿಗೆ ಹೆಸರು. ಕಟಕ್ ನಗರದಲ್ಲಿ ಶೌಚಗುಂಡಿಯ ಮಲವನ್ನು ಸಂಸ್ಕರಿಸುವ ಘಟಕವನ್ನು ನಡೆಸುವ ಹೊಣೆ ಲಿಂಗತ್ವ ಅಲ್ಪಸಂಖ್ಯಾತರ ಸ್ವಸಹಾಯ ಗುಂಪಿಗೆ ಸಿಕ್ಕಿತು. ನಮ್ಮಲ್ಲೂ ಅವರಿಗಾಗಿ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡ 1ರ ಮೀಸಲಾತಿ ಬಂದಿದೆ. ಅಂಥದ್ದೊಂದು ಮೊದಲು ಬಂದದ್ದೇ ನಮ್ಮ ರಾಜ್ಯದಲ್ಲಿ.

ಕೊನೆಗೆ ಗುಂಡಿಯಿಂದ ಮೇಲೆ ಬಂದವನ ಪ್ರಶ್ನೆ ಉಳಿಯುತ್ತದೆ. ಜೆಟ್ಟಿಂಗ್ ಯಂತ್ರಗಳು ಬರುತ್ತಿವೆ, ಸಕ್ಕಿಂಗ್ ಯಂತ್ರಗಳು ಬರುತ್ತಿವೆ, ಕೇರಳದ ಯುವಕರು ಮ್ಯಾನ್‌ಹೋಲಿಗೆ ಇಳಿಯುವ ಯಂತ್ರಮಾನವನನ್ನೇ ಮಾಡಿದ್ದಾರೆ. ಒಳ್ಳೆಯದಾಯಿತು. ಆದರೆ ಆ ಲಕ್ಷಾಂತರ ರೂಪಾಯಿಯ ಯಂತ್ರಕ್ಕೆ ಒಡೆಯನಾಗುವವನು ಯಾರು, ಓಡಿಸುವವನು ಯಾರು? ಇಷ್ಟು ದಿನ ಇಳಿದವನು ಯಂತ್ರ ಬಂದೊಡನೆ ಬೀದಿಗೆ ಬಿದ್ದರೆ ನಾವು ಅವನನ್ನು ಒಂದು ಕತ್ತಲೆಯಿಂದ ತೆಗೆದು ಇನ್ನೊಂದಕ್ಕೆ ನೂಕಿದಂತಾಗಲಿಲ್ಲವೆ? ಯಾವ ಬೀದಿಯ ಕೆಳಗೆ ಕೊಳವೆ ಎಲ್ಲಿ ತಿರುಗುತ್ತದೆ, ಯಾವ ಚೇಂಬರ್ ಮಳೆಗಾಲದಲ್ಲಿ ಉಕ್ಕುತ್ತದೆ, ಯಾವ ಹೋಟೆಲಿನ ಜಿಡ್ಡು ಎಲ್ಲಿ ಕಟ್ಟುತ್ತದೆ ಎಂಬುದು ಅವನಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಜೀವವನ್ನು ಪಣಕ್ಕಿಟ್ಟು ಗಳಿಸಿದ ಆ ತಿಳಿವಳಿಕೆಯನ್ನು ವಿದ್ಯಾರ್ಹತೆಯ ಕಾಲಂನಲ್ಲಿ ಎಲ್ಲಿ ಬರೆಯೋಣ?

ದೆಹಲಿ ಜಲ ಮಂಡಳಿ 2019ರಲ್ಲಿ 200 ಯಂತ್ರಗಳನ್ನು ಬೀದಿಗಿಳಿಸಿದಾಗ ಗುಂಡಿಯಲ್ಲಿ ಸತ್ತವರ ಕುಟುಂಬಗಳಿಗೂ ಆ ಕೆಲಸ ಮಾಡುತ್ತಿದ್ದವರಿಗೂ ಮೊದಲ ಆದ್ಯತೆ ಎಂದು ಹೇಳಿತು. ಅವರನ್ನೇ ಯಂತ್ರಗಳ ಒಡೆಯರನ್ನಾಗಿ ಮಾಡುವುದು ಅದರ ಉದ್ದೇಶ. ಹೈದರಾಬಾದು ಅದಕ್ಕೂ ಎರಡು ವರ್ಷ ಮೊದಲು ಅಂಥದೇ ದಾರಿ ಹಿಡಿದಿತ್ತು. ನಮ್ಮ ನಗರಸಭೆಗಳೂ ಜಲಮಂಡಳಿಯೂ ಯಂತ್ರಕ್ಕೆ ಟೆಂಡರ್ ಕರೆಯುವಾಗ ಟ್ಯಾಂಕಿನ ಗಾತ್ರ, ಪಂಪಿನ ಒತ್ತಡ, ಪೈಪಿನ ಉದ್ದವನ್ನು ಷರತ್ತುಗಳಲ್ಲಿ ಬರೆಯುತ್ತವೆ. ಅದೇ ಪುಟದಲ್ಲಿ ಇನ್ನೂ ಎರಡು ಸಾಲು ಬರೆಯಲಿ: ಈ ಊರಿನಲ್ಲಿ ಗುಂಡಿಗೆ ಇಳಿಯುತ್ತಿದ್ದವರಿಗೂ ಅವರ ಮಕ್ಕಳಿಗೂ ಯಂತ್ರದ ಒಡೆತನದಲ್ಲಿ, ಚಾಲಕನ ಆಸನದಲ್ಲಿ ಮೊದಲ ಹಕ್ಕು, ಭಾರಿ ವಾಹನದ ಲೈಸೆನ್ಸ್ ಇಲ್ಲದವರಿಗೆ ತರಬೇತಿಯ ಖರ್ಚು, ತರಬೇತಿಯ ತಿಂಗಳುಗಳ ಸಂಬಳ ಮಂಡಳಿಯದೇ.